ಏಕಲವ್ಯನಿಗೆ ಎಂಥ ಡ್ರೆಸ್ ಹಾಕುದು? ಶಾಲೆ ನಾಟಕಕ್ಕೆ ಸಲಹೆ ಬೇಕಿತ್ತು

ಮುಳ್ಳೇರಿಯದ ಟೀಚರ್:
ಎಲ್ರಿಗೂ ನಮಸ್ಕಾರ. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಕನ್ನಡ ವಿಭಾಗದ ಮಕ್ಕಳು ಏಕಲವ್ಯನ ನಾಟಕ ಮಾಡ್ತಿದ್ದಾರೆ, ರಾತ್ರಿ, ಗ್ರೌಂಡಲ್ಲಿ ಸ್ಟೇಜ್ ಹಾಕಿ, ಕಲರ್ ಲೈಟೆಲ್ಲ ಉಂಟು. ಪಿಟಿಎಯವರು ಕಾಸರಗೋಡಿಂದ ಡ್ರೆಸ್ ಬಾಡಿಗೆಗೆ ತರುವ ಅಂತಾರೆ, ಅಲ್ಲಿ ಸಿಗುದು ಮಿಂಚುವ ಸ್ಯಾಟಿನ್, ಚಿನ್ನದ ಬಣ್ಣದ ಕಿರೀಟ, ಏಕಲವ್ಯನಿಗೆ ಚಿರತೆ ಚುಕ್ಕಿಯ ಬಟ್ಟೆ, ಇಲ್ಲಾಂದ್ರೆ ಎಲೆ ಕಟ್ಟಿ ಮೈಗೆ ಕಪ್ಪು ಬಳಿಯುದು. ನಂಗೆ ಅದು ಮನಸ್ಸಿಗೆ ಒಗ್ತಾ ಇಲ್ಲ. ಇನ್ನೊಬ್ರು ಯಕ್ಷಗಾನದ ವೇಷವನ್ನೇ ಕಟ್ಟಿಸಿ ಅಂದ್ರು. ಖರ್ಚು ಕಮ್ಮಿ ಆಗ್ಬೇಕು, ನಾವೇ ಹೊಲಿಸಿದ್ರೂ ಸೈ. ಗೊತ್ತಿದ್ದವರು ಹೇಳಿ.

ನಾಟಕದ ಮಾಷ್ಟ್ರು, ಬದಿಯಡ್ಕ:
ಟೀಚರೇ, ಎಲೆ ಮತ್ತೆ ಕಪ್ಪು ಬಣ್ಣ ಎರಡೂ ಖಂಡಿತ ಬೇಡ. ನಮ್ಮ ತುಳುನಾಡಲ್ಲೇ ಒಂದು ಕಾಲದಲ್ಲಿ ಕೊರಗ ಬುಡಕಟ್ಟಿನವರಿಗೆ ಸೊಪ್ಪು ಉಡಿಸಿ ದೂರ ಇಟ್ಟಿದ್ರು, ಆ ಮನೆಯ ಮಕ್ಕಳು ನಿಮ್ಮ ಶಾಲೆಯಲ್ಲೂ ಇರಬಹುದು, ಅವರೆದುರು ಅದನ್ನು ಡ್ರೆಸ್ ಅಂತ ತೋರಿಸುದು ಹೇಗೆ? ಮಹಾಭಾರತ ತೆಗೆದು ನೋಡಿದ್ರೂ ಏಕಲವ್ಯ ನಿಷಾದರ ರಾಜ ಹಿರಣ್ಯಧನುವಿನ ಮಗ. ಕಾಡಲ್ಲಿ ಪಾಂಡವರ ನಾಯಿ ಅವನನ್ನು ಕಂಡಾಗ ಅವನು ಉಟ್ಟದ್ದು ಕೃಷ್ಣಾಜಿನ, ಅಂದ್ರೆ ಕೃಷ್ಣಮೃಗದ ಚರ್ಮ, ತಲೆಯಲ್ಲಿ ಜಟೆ. ಬ್ರಹ್ಮಚಾರಿಗಳು, ಋಷಿಗಳು ಉಡುವುದೂ ಅದನ್ನೇ ಅಲ್ವಾ, ಅವನು ಅಲ್ಲಿ ಇದ್ದದ್ದು ವಿದ್ಯಾರ್ಥಿಯ ವೇಷದಲ್ಲೇ. ಹಾಗಾಗಿ ನಾನು ಹೇಳುದು, ದ್ರೋಣನಿಗೂ ಏಕಲವ್ಯನಿಗೂ ಒಂದೇ ಬಟ್ಟೆ, ಒಂದೇ ಬಣ್ಣ ಮಾಡಿ, ರಾಜಕುಮಾರರಿಗೆ ಮಾತ್ರ ಬೇರೆ. ಆ ಗುರುವಿಗೆ ನಿಜವಾದ ಶಿಷ್ಯ ಯಾರು ಅಂತ ಹಿಂದಿನ ಸಾಲಲ್ಲಿ ಕೂತವರಿಗೂ ಮಾತಿಲ್ಲದೆ ಗೊತ್ತಾಗ್ತದೆ.

ಯಕ್ಷಗಾನದ ವೇಷ ಆ ಆಟಕ್ಕೇ ಚಂದ. ಅಷ್ಟು ಕಟ್ಟಿದ ಮೇಲೆ ನಡೆ, ಮಾತು, ಕುಣಿತ ಎಲ್ಲ ಅದಕ್ಕೆ ತಕ್ಕ ಹಾಗೇ ಬರ್ಬೇಕು, ಅಭ್ಯಾಸ ಇಲ್ಲದ ಮಕ್ಕಳಿಗೆ ಕುತ್ತಿಗೆ ತಿರುಗಿಸ್ಲಿಕ್ಕೂ ಕಷ್ಟ.

ಹೊಲಿಗೆಯಕ್ಕ, ನೀರ್ಚಾಲು:
ಕೋರಾ ಕಾಟನ್, ಅಂದ್ರೆ ಬಿಳುಪು ಮಾಡದ ಹತ್ತಿ ಬಟ್ಟೆ, ತಗೊಳ್ಳಿ ಟೀಚರ್. ಮೊದಲು ಒಗೆದು ಗಂಜಿ ತೆಗೀಬೇಕು, ಇಲ್ಲಾಂದ್ರೆ ಬಣ್ಣ ಹಿಡಿಯುದಿಲ್ಲ, ಮತ್ತೆ ಚಾಹುಡಿ ಕುದಿಸಿದ ನೀರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ. ಅಚ್ಚ ಬಿಳಿ ಇಟ್ರೆ ಲೈಟಿಗೆ ಕಣ್ಣು ಕುಕ್ತದೆ, ಮಕ್ಕಳ ಮುಖದ ಕಡೆ ಯಾರ ಗಮನವೂ ಹೋಗುದಿಲ್ಲ. ಅರಸಿನ ಬೇಡ, ಸಾಬೂನು ತಾಗಿದಲ್ಲಿ ಕೆಂಪಾಗ್ತದೆ, ಬಿಸಿಲಿಗೆ ಮಾಸ್ತದೆ. ಕಚ್ಚೆಯನ್ನು ನೆರಿಗೆ ಹಿಡಿದು ಹೊಲಿದೇ ಬಿಡಿ, ಸೊಂಟಕ್ಕೆ ಇಲಾಸ್ಟಿಕ್ ಹಾಕಿ, ಆಗ ಸ್ಟೇಜಲ್ಲಿ ಬಿಚ್ಚುವ ಹೆದರಿಕೆ ಇಲ್ಲ. ಬದಿಯಲ್ಲಿ ಎರಡಿಂಚು ಬಟ್ಟೆ ಮಡಚಿ ಬಿಟ್ರೆ ಮುಂದಿನ ವರ್ಷವೂ ಆಗ್ತದೆ. ಬತ್ತಳಿಕೆಗೆ ಅಡಿಕೆ ಹಾಳೆ ಉಂಟಲ್ಲ, ನೀರಲ್ಲಿ ನೆನೆಸಿದ್ರೆ ಬೇಕಾದ ಹಾಗೆ ಬಗ್ತದೆ, ಕಟ್ಟಿ ಒಣಗಿಸಿದ್ರೆ ಹಾಗೇ ನಿಲ್ತದೆ.

ಮುಳ್ಳೇರಿಯದ ಟೀಚರ್:
ಇಬ್ಬರಿಗೂ ಒಂದೇ ಬಣ್ಣ ಅಂತ ಓದಿ ಮೈ ಜುಂ ಅಂತು ಮಾಷ್ಟ್ರೆ, ಅದೇ ಮಾಡ್ತೇವೆ. ಬೆರಳು ಕೊಡುವ ಸೀನಲ್ಲಿ ಮುಷ್ಟಿಯಿಂದ ಕೆಂಪು ಬಟ್ಟೆಯ ಪಟ್ಟಿ ಎಳೆಯುದು ಅಂತ ಮಾಡಿದ್ದೇವೆ. ರಾಜಕುಮಾರರಿಗೆ ಮರೂನ್ ಆದೀತಾ?

ನಾಟಕದ ಮಾಷ್ಟ್ರು, ಬದಿಯಡ್ಕ:
ಮರೂನ್ ಬೇಡ ಟೀಚರ್, ಇಡೀ ನಾಟಕದಲ್ಲಿ ಕೆಂಪು ಅಂತ ಇರುದು ಆ ಪಟ್ಟಿ ಮಾತ್ರ ಆಗ್ಲಿ. ರಾಜಕುಮಾರರಿಗೆ ಕಡು ನೀಲಿ ಹಾಕಿ. ಲೈಟಿನವರಿಗೂ ಮೊದಲೇ ಹೇಳಿಡಿ, ಆ ಸೀನಿಗೆ ರಕ್ತ ಅಂತ ಕೆಂಪು ಲೈಟ್ ಬಿಟ್ರೆ ಪಟ್ಟಿ ಚಾ ಬಣ್ಣದ ಬಟ್ಟೆಯಲ್ಲೇ ಕರಗಿ ಹೋಗ್ತದೆ, ನೀಲಿ ಬಿಟ್ರೆ ಕಪ್ಪಾಗಿ ಕಾಣ್ತದೆ. ಬಿಳಿ ಲೈಟ್ ಒಂದೇ ಸಾಕು. ಬಟ್ಟೆ ತೆಗೆಯುವ ಮೊದಲು ಒಂದೊಂದು ತುಂಡು ತಂದು ಅದೇ ಲೈಟಿನ ಕೆಳಗೆ ಹಿಡಿದು ದೂರದಿಂದ ನೋಡಿ.