ಅಲೆ ಪಟ್ಟೆಯ ಹೊದಿಕೆ ಕಿರಿದಾಗುತ್ತಿದೆ, ಬಿಚ್ಚಲೇಬೇಕಾ?

ಪ್ರಶ್ನೆ, ಕಲಬುರಗಿಯಿಂದ:
ಮೊಮ್ಮಗಳಿಗೆ ಅಂತ ಕ್ರೋಶಾದಲ್ಲಿ (ಕೊಕ್ಕೆ ಕಡ್ಡಿಯ ಹೆಣಿಗೆ) ಹೊದಿಕೆ ಹಾಕುತ್ತಿದ್ದೇನೆ. ಅರಿಶಿನ, ಬಿಳಿ, ಮೆಂತ್ಯಸೊಪ್ಪಿನ ಹಸಿರು. 5 ಮಿ.ಮೀ. ಕಡ್ಡಿ, ಡಬಲ್ ಕ್ರೋಶಾ. ಅಲೆಯ ಲೆಕ್ಕ: ಏರುವಾಗ 5 ಕಣ್ಣು (ಹೆಣಿಗೆಯ ಒಂದೊಂದು ಹೊಲಿಗೆ), ತುದಿಯಲ್ಲಿ ಒಂದೇ ಕಣ್ಣಿಗೆ 3, ಇಳಿಯುವಾಗ 5, ತಗ್ಗಿನಲ್ಲಿ 3 ಕೂಡಿಸಿ 1. ಎರಡೂ ಅಂಚಲ್ಲಿ 2 ಕೂಡಿಸಿ 1. 9 ಸಾಲಾಯಿತು. ಎರಡೂ ಕಡೆ ಎರಡೆರಡು ಬೆರಳು ಒಳಗೆ ಬಂದಿದೆ. ನಮ್ಮವರು "ಇದು ಹೊದಿಕೆನಾ, ಟೋಪಿನಾ?" ಅಂತಾರೆ.

ಬೀದರ್‌ನಿಂದ:
ತಗ್ಗು-ಏರು ಸರಿಯಿದೆ. ತಪ್ಪು ಅಂಚಲ್ಲಿ. ಸಾಲು ಮುಗಿದ ಮೇಲೆ ತಿರುಗಿಸಿ 2 ಸರಪಳಿ (ಬರೀ ಕುಣಿಕೆ) ಹಾಕುತ್ತೀರಿ, ಅಲ್ವಾ? ಅದರ ಬುಡದಲ್ಲೇ ಮೊದಲ ಕಣ್ಣು ಅಡಗಿರುತ್ತದೆ. ಅದನ್ನು ಬಿಟ್ಟರೆ ಸಾಲಿಗೊಂದು ಹೋಯಿತು. ಆ ಕಣ್ಣನ್ನೂ ಪಕ್ಕದ್ದನ್ನೂ ಕೂಡಿಸಿ ಶುರು ಮಾಡಿ. ಸರಪಳಿ ಲೆಕ್ಕಕ್ಕಿಲ್ಲ. ನಾನು 30 ಸಾಲು ಬಿಚ್ಚಿದವಳು. "ಇಷ್ಟೊತ್ತಿಗೆ ಎರಡು ಕೌದಿ ಹೊಲೀತಿದ್ದೆ" ಅಂದರು ಅತ್ತೆ.

ಯಾದಗಿರಿಯಿಂದ:
ಮೊದಲ ಕಣ್ಣಿಗೆ ಒಂದು ಸೇಫ್ಟಿ ಪಿನ್ ಚುಚ್ಚಿ, ಸಾಲು ಸಾಲಿಗೂ ಮೇಲೆ ಸರಿಸಿ. ಬಣ್ಣ ಬದಲಿಸುವಾಗ ಹಳೆ ಬಣ್ಣದ ಕೊನೆಯ ಕಣ್ಣಿನ ಕೊನೆಯ ಎಳೆತವನ್ನು ಹೊಸ ದಾರದಲ್ಲೇ ಎಳೆಯಿರಿ, ಪಟ್ಟೆ ಚೊಕ್ಕಾಗಿ ಬರುತ್ತದೆ. ಅಂದಹಾಗೆ ದಾರ ಯಾವುದು? ನಮ್ಮ ಬಿಸಿಲಿಗೆ ಅಕ್ರಿಲಿಕ್ ಆದರೆ ಮಗು ಒದ್ದು ಬಿಸಾಡುತ್ತೆ. ಹತ್ತಿ ಭಾರ ಜಾಸ್ತಿ, ಆದರೂ ಅದೇ ವಾಸಿ.

ಕಲಬುರಗಿಯಿಂದ, ಮತ್ತೆ:
ಈಗ ಎಣಿಸಿದೆ. ಮೊದಲ ಸಾಲಲ್ಲಿ 141, ಈಗ 133. ಅಂಚಿನ ಏರಿನಲ್ಲಿ 5 ಇರಬೇಕಾದ ಕಡೆ 1 ಉಳಿದಿದೆ. ಅಕ್ರಿಲಿಕ್ಕೇ, ಚಳಿಗಾಲಕ್ಕಾಯಿತು ಬಿಡಿ. ಮೊದಲ ಸಾಲೊಂದು ಉಳಿಸಿ ಎಲ್ಲ ಬಿಚ್ಚುತ್ತಿದ್ದೇನೆ. ಮೊಮ್ಮಗಳು ಉಂಡೆ ಸುತ್ತುತ್ತಿದ್ದಾಳೆ.