ಬೊಂಬಡಿಲ್ ಯಾರೆಂಬ ವಾದವನ್ನು ಮಂಡಿಸುವ ಮುನ್ನ ಎಷ್ಟು ಓದಿರಬೇಕು? ನಿಮ್ಮ ಅನುಭವ ತಿಳಿಸಿ

ಮಣಿಪಾಲದ ಓದುಗಿ:
ನಮಸ್ಕಾರ. ಟೋಲ್ಕಿನ್ ಅವರ 'ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿಯನ್ನು ಮೂರು ಬಾರಿ, ಅದರ ಹಿಂದಿನ ಯುಗಗಳ ಪುರಾಣವಾದ 'ಸಿಲ್ಮರಿಲಿಯನ್' ಅನ್ನು ಒಮ್ಮೆ ಓದಿದ್ದೇನೆ. ಕಾದಂಬರಿಯಲ್ಲಿ ಹಳೆಯ ಕಾಡಿನ ಒಡೆಯನಂತೆ ಬದುಕುವ ನಿಗೂಢ ವ್ಯಕ್ತಿ ಟಾಮ್ ಬೊಂಬಡಿಲ್‌ನ ಶಕ್ತಿ ಅವನದಲ್ಲ, ಆ ನೆಲದ್ದು ಎಂಬುದು ನನ್ನ ವಾದ. ತೊಟ್ಟವರನ್ನು ಮಾಯಮಾಡುವ ಉಂಗುರ ತೊಟ್ಟರೂ ಅವನು ಮಾಯವಾಗುವುದಿಲ್ಲ. ಅದನ್ನು ತೊಟ್ಟು ಮಾಯವಾದ ಕಥಾನಾಯಕ ಫ್ರೋಡೊ ಅವನ ಕಣ್ಣಿಗೆ ಕಾಣುತ್ತಲೇ ಇರುತ್ತಾನೆ. ಆದರೆ ತನ್ನ ಗಡಿ ಬಂದೊಡನೆ ಅವನು ನಿಂತುಬಿಡುತ್ತಾನೆ, ಮುಂದೆ ಹೆಜ್ಜೆ ಇಡುವುದಿಲ್ಲ. ನಮ್ಮ ಕರಾವಳಿಯ ದೈವಗಳಿಗೆ ಅವುಗಳದೇ ಸೀಮೆ ಇರುವಂತೆ ಅವನಿಗೂ ಒಂದು ಸೀಮೆ ಇದೆ ಎಂದು ಮೂವತ್ತು ಪುಟ ಬರೆದಿಟ್ಟಿದ್ದೇನೆ. ಮುಂದಿನ ತಿಂಗಳು ಉಡುಪಿಯಲ್ಲಿ ಗೆಳೆಯರ ಓದಿನ ಕೂಟದಲ್ಲಿ ಇದನ್ನು ಮಂಡಿಸಬೇಕಾಗಿದೆ. ಮಗ ಕ್ರಿಸ್ಟೋಫರ್ ಟೋಲ್ಕಿನ್ ತಂದೆಯ ಕರಡುಗಳಿಂದ ಸಂಪಾದಿಸಿದ ಹನ್ನೆರಡು ಸಂಪುಟಗಳನ್ನೂ ಲೇಖಕರ ಪತ್ರಗಳ ಸಂಗ್ರಹವನ್ನೂ ಓದದೆ ಮಾತನಾಡಬಹುದೇ? ನನ್ನಲ್ಲಿರುವ ಹಣಕ್ಕೆ ಒಂದೇ ಪುಸ್ತಕ ಬರುತ್ತದೆ. ಯಾವುದನ್ನು ಕೊಳ್ಳಲಿ?

ಸುರತ್ಕಲ್ ವಾಸಿ:
ಹನ್ನೆರಡನ್ನೂ ಓದಿ, ಆಮೇಲೆ ಬಾಯಿ ತೆರೆಯಿರಿ. ನಾನು ಹಾಗೆ ಮಾಡದೆ ಪಟ್ಟ ನೋವನ್ನು ಹೇಳುತ್ತೇನೆ. ಎಲ್ಫ್ ಎಂಬ ಅಮರ ಜನರ ನಗರ ಗೊಂಡೋಲಿನ್ ಪತನದ ದಿನ ಬೆಂಕಿಯ ದೈತ್ಯ ಬಾಲ್ರಾಗ್‌ನೊಂದಿಗೆ ಹೋರಾಡಿ ಮಡಿದ ಎಲ್ಫ್ ವೀರ ಗ್ಲೋರ್ಫಿಂಡೆಲ್ ಮತ್ತು ಸಾವಿರಾರು ವರ್ಷಗಳ ಬಳಿಕ ಫ್ರೋಡೊನನ್ನು ಕಾಯಲು ಬಿಳಿ ಕುದುರೆಯೇರಿ ಬರುವ ಗ್ಲೋರ್ಫಿಂಡೆಲ್ ಒಬ್ಬನೇ ಎಂದು 2004ರಿಂದ ಎರಡು ವರ್ಷ ಕುಳಿತು ಅರವತ್ತನಾಲ್ಕು ಪುಟ ಬರೆದೆ. ಬೆಂಗಳೂರಿನ ಗೆಳೆಯನಿಗೆ ಕಳುಹಿಸಿದಾಗ ಅವನು ಉತ್ತರಿಸಿದ್ದು ಎರಡೇ ಸಾಲು: ಇದನ್ನು ಲೇಖಕರೇ ಕೊನೆಗಾಲದಲ್ಲಿ ಬರೆದಿಟ್ಟಿದ್ದಾರೆ, 1996ರ ಹನ್ನೆರಡನೆಯ ಸಂಪುಟದಲ್ಲಿದೆ, ಸತ್ತವನೇ ಮರಳಿ ದೇಹ ಪಡೆದು ಬಂದ. ನನ್ನ ವಾದ ಸರಿಯೇ ಇತ್ತು. ಆದರೆ ಅದು ನನ್ನದಾಗಿ ಉಳಿಯಲಿಲ್ಲ. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಅಂದಿನಿಂದ ಒಂದೊಂದೇ ಸಂಪುಟ ಕೊಂಡು ಆರು ವರ್ಷಗಳಲ್ಲಿ ಹನ್ನೆರಡನ್ನೂ ಸೇರಿಸಿದೆ. ಪುಸ್ತಕಗಳಿಗೆ ₹17,460. ಅದರಲ್ಲಿ ಐದನೆಯ ಸಂಪುಟವನ್ನು ಎರಡು ಸಲ ಕೊಳ್ಳಬೇಕಾಯಿತು, ಏಕೆಂದರೆ ಮೊದಲ ಪ್ರತಿ ಜುಲೈ ತಿಂಗಳಲ್ಲಿ ಬಂದು, ಅಂಚೆಯವರು ಗೇಟಿನ ಮೇಲಿಟ್ಟು ಹೋದದ್ದು ಸಂಜೆಯವರೆಗೆ ಮಳೆಯಲ್ಲಿ ನೆನೆದಿತ್ತು. ಹಾಳೆಗಳ ನಡುವೆ ಪತ್ರಿಕೆಯ ಕಾಗದ ಇಟ್ಟು ಒಂಬತ್ತು ದಿನ ಫ್ಯಾನಿನ ಕೆಳಗೆ ಒಣಗಿಸಿದರೂ ನಲವತ್ತು ಪುಟಗಳು ಒಂದಕ್ಕೊಂದು ಅಂಟಿಯೇ ಉಳಿದವು. ನಾಲ್ಕನೆಯದರ ಬೆನ್ನನ್ನು ಗೆದ್ದಲು ತಿಂದಿತು. ಮರದ ಕಪಾಟನ್ನು ಬಿಟ್ಟು ಸ್ಟೀಲಿನದನ್ನು ತಂದೆ, ಅದಕ್ಕೆ ₹6,200. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅದರೊಳಗೆ ಒಂದು ಬಲ್ಬು ಹಗಲಿರುಳು ಉರಿಯುತ್ತದೆ. ಇಲ್ಲವಾದರೆ ಒಂದು ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಇಷ್ಟಾದರೂ ನನಗೆ ಪಶ್ಚಾತ್ತಾಪವಿಲ್ಲ. ಇಂದು ಯಾರೂ ನನಗೆ ಎರಡು ಸಾಲಿನ ಉತ್ತರ ಕಳುಹಿಸಲಾರರು.

ಕುಂದಾಪುರದವ:
ನಾನು ಇದಕ್ಕೆ ತದ್ವಿರುದ್ಧ ಹೇಳುತ್ತೇನೆ. ಕರಡುಗಳನ್ನು ಓದಿಯೇ ನಾನು ಕೆಟ್ಟೆ. ಪೂರ್ವ ದಿಕ್ಕಿಗೆ ಹೋದ ಇಬ್ಬರು ನೀಲಿ ಮಾಂತ್ರಿಕರು ನನ್ನ ವಿಷಯ. ಅವರು ತಮ್ಮ ಕಾರ್ಯದಲ್ಲಿ ಸೋತಿರಬೇಕು, ಗುಪ್ತ ಪಂಥಗಳನ್ನೂ ಮಾಂತ್ರಿಕ ಪರಂಪರೆಗಳನ್ನೂ ಹುಟ್ಟುಹಾಕಿರಬಹುದು ಎಂದು ಲೇಖಕರು 1958ರ ಪತ್ರವೊಂದರಲ್ಲಿ ಶಂಕಿಸಿದ್ದಾರೆ. ಆ ಒಂದು ಶಂಕೆಯ ಅಡಿಗಲ್ಲಿನ ಮೇಲೆ ಪೂರ್ವದೇಶದ ಮಂತ್ರವಿದ್ಯೆ ಹೇಗಿದ್ದಿರಬಹುದೆಂದು ನಾಲ್ಕು ವರ್ಷ ದುಡಿದು ಐದು ಭಾಗಗಳ ಲೇಖನ ಬರೆದೆ. ಬ್ಯಾಂಕಿನ ಕೆಲಸ ಮುಗಿಸಿ ಬಂದು ರಾತ್ರಿ ಹತ್ತರಿಂದ ಒಂದರವರೆಗೆ ಬರೆಯುತ್ತಿದ್ದೆ. ಕನ್ನಡಕದ ಪವರ್ ಎರಡು ಬಾರಿ ಏರಿತು. ನಾಲ್ಕನೆಯ ಭಾಗ ಮುಗಿದ ಮೇಲೆ ಅದೇ ಹನ್ನೆರಡನೆಯ ಸಂಪುಟ ಕೈಗೆ ಬಂತು. ಅಲ್ಲಿ ಅದೇ ಇಬ್ಬರಿಗೆ ಬೇರೆ ಹೆಸರುಗಳು, ಬೇರೆ ಕಾಲ. ಅವರು ಕಾದಂಬರಿಯ ಕಾಲಕ್ಕಿಂತ ಬಹಳ ಹಿಂದಿನ ಎರಡನೆಯ ಯುಗದಲ್ಲಿಯೇ ಬಂದು, ಪೂರ್ವದಲ್ಲಿ ಖಳನಾಯಕ ಸೌರಾನನ ಬಲವನ್ನು ಕುಂದಿಸಿ ಪಶ್ಚಿಮವನ್ನು ಉಳಿಸಿದವರು! ಸೋತವರೆಂದು ನಾನು ನಾಲ್ಕು ವರ್ಷ ಬರೆದವರು ಗೆದ್ದವರಾಗಿದ್ದರು. ಐದನೆಯ ಭಾಗ ಇಂದಿಗೂ ಅಚ್ಚಾಗಿಲ್ಲ.

ಅಂದಿನಿಂದ ನನ್ನದು ಒಂದೇ ನಿಯಮ. ಲೇಖಕರು ಬದುಕಿದ್ದಾಗ ಅಚ್ಚು ಹಾಕಿಸಿದ್ದು ಮಾತ್ರ ಪ್ರಮಾಣ. 1954–55ರ ಮೂರು ಸಂಪುಟಗಳು, 1937ರ ಅದರ ಮುಂಚಿನ ಕಥೆ 'ಹಾಬಿಟ್', 1962ರ ಬೊಂಬಡಿಲ್ ಪದ್ಯಗಳು, ಇಂಥವು. ಅವರು ತೀರಿಕೊಂಡದ್ದು 1973ರಲ್ಲಿ; 'ಸಿಲ್ಮರಿಲಿಯನ್' ಬಂದದ್ದು 1977ರಲ್ಲಿ, ಮಗ ಚೂರುಗಳನ್ನು ಜೋಡಿಸಿ ಹೊಲಿದದ್ದು. ಅದರಲ್ಲಿ ಎಲ್ಫ್ ರಾಜ ಗಿಲ್-ಗಲಾಡ್ ಫಿಂಗೊನ್‌ನ ಮಗನೆಂದು ಅಚ್ಚಾಯಿತು. ಅದು ತಪ್ಪಾಯಿತೆಂದು ಸಂಪಾದಕರೇ ಆಮೇಲೆ ಒಪ್ಪಿಕೊಂಡರು. ಸಂಪಾದಕರಿಗೇ ನಿಲ್ಲದ ನೆಲದ ಮೇಲೆ ನಾವು ಮನೆ ಕಟ್ಟುವುದು ಹೇಗೆ?

ಸುರತ್ಕಲ್ ವಾಸಿ:
ಕುಂದಾಪುರದವರೇ, ಸಂಪಾದಕರು ತಪ್ಪೊಪ್ಪಿಕೊಂಡದ್ದು ನಿಮಗೆ ತಿಳಿದದ್ದು ಎಲ್ಲಿಂದ? ಅದೇ ಹನ್ನೆರಡನೆಯ ಸಂಪುಟದಿಂದ. ಓದಿದ ಫಲವನ್ನು ತಾನು ಉಂಡು, ಬೇರೆಯವರಿಗೆ ಓದಬೇಡಿ ಎನ್ನುವುದು ನ್ಯಾಯವಲ್ಲ. ನೀವು ನಾಲ್ಕು ವರ್ಷ ಕಳೆದುಕೊಂಡದ್ದು ಓದಿದ್ದರಿಂದ ಅಲ್ಲ, ತಡವಾಗಿ ಓದಿದ್ದರಿಂದ.

ಕುಂದಾಪುರದವ:
ನನ್ನ ನಾಲ್ಕು ವರ್ಷಗಳ ಲೆಕ್ಕವನ್ನು ನೀವು ಇಡುವ ಅಗತ್ಯವಿಲ್ಲ. ಕಪಾಟಿನೊಳಗೆ ಬಲ್ಬು ಉರಿಸಿದ ಮಾತ್ರಕ್ಕೆ ಗ್ರಂಥ ಬೆಳಗುವುದಿಲ್ಲ.

ರಥಬೀದಿ, ಉಡುಪಿ:
ಇಬ್ಬರೂ ದಯವಿಟ್ಟು ನಿಲ್ಲಿಸಿ. ಇಪ್ಪತ್ತೆರಡು ವರ್ಷಗಳಿಂದ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತ ಬಂದವನಾಗಿ ಒಂದು ಮಾತು. ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿಗೆ ಎಷ್ಟು ಬೇಕಾದರೂ ಬೆಳೆಸುವ ಸ್ವಾತಂತ್ರ್ಯವಿದೆ, ಆದರೆ ಪದ್ಯವನ್ನು ಮೀರುವ ಸ್ವಾತಂತ್ರ್ಯವಿಲ್ಲ. ಕರ್ಣ ಏನು ವಾದಿಸಿದರೂ ಪ್ರಸಂಗದ ಕೊನೆಯಲ್ಲಿ ರಥದ ಗಾಲಿ ಹೂತೇ ಹೂಳುತ್ತದೆ. ನನ್ನ ಮಟ್ಟಿಗೆ ಕಾದಂಬರಿ ಪದ್ಯ, ಪತ್ರಗಳು ಅರ್ಥ. ಲೇಖಕರೂ ತಮ್ಮ ಪದ್ಯಕ್ಕೆ ಒಬ್ಬ ಅರ್ಥಧಾರಿಯೇ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಆ ಲೋಕದಲ್ಲಿ ಮಂತ್ರವೆಂಬುದು ಕಲಿತು ಪಡೆಯಬಹುದಾದ ವಿದ್ಯೆ ಎಂಬುದು ನನ್ನ ವಾದವಾಗಿತ್ತು. ರಾಜವಂಶದ ಅರಗಾರ್ನ್ ಅತೆಲಾಸ್ ಎಂಬ ಮೂಲಿಕೆಯ ಎಲೆಯನ್ನು ಬಿಸಿನೀರಿಗೆ ಹಾಕಿ ಗಾಯಾಳುಗಳನ್ನು ಎಚ್ಚರಿಸುವ ಪ್ರಸಂಗ ನನ್ನ ಮುಖ್ಯ ಆಧಾರ. ಎಲೆಯ ಗುಣ ಬಲ್ಲವನು ಯಾರಾದರೂ ಹಾಗೆ ಮಾಡಬಲ್ಲನೆಂದು ಒಂದು ಗಂಟೆ ಮಾತನಾಡಿದೆ. ಸಭೆಯಲ್ಲಿದ್ದ ಹುಡುಗನೊಬ್ಬ ಎದ್ದು 155ನೆಯ ಪತ್ರವನ್ನು ಓದಿದ. ಮಂತ್ರಶಕ್ತಿ ಹುಟ್ಟಿನಿಂದ ಬರುವುದು, ಸಾಮಾನ್ಯ ಮನುಷ್ಯರಿಗೆ ಅದು ದಕ್ಕುವುದಿಲ್ಲ, ಅರಗಾರ್ನ್ ಎಲ್ಫ್ ರಾಜಕುಮಾರಿ ಲೂಥಿಯೆನ್‌ಳ ದೂರದ ಸಂತತಿಯವನು ಎಂದು ಅಲ್ಲಿದೆ. ಎಲೆಯಲ್ಲಿದ್ದ ನನ್ನ ವಾದ ಎಲೆಯೊಂದಿಗೇ ಉದುರಿತು. ಮನೆಗೆ ಬಂದು ಎರಡು ತಿಂಗಳು ಆ ಪುಸ್ತಕಗಳನ್ನು ಮುಟ್ಟಲಿಲ್ಲ.

ಆಮೇಲೆ ಪತ್ರಗಳ ಸಂಗ್ರಹವನ್ನು ನಾನೇ ಕೊಂಡೆ: 1981ರ ಆವೃತ್ತಿ ಒಮ್ಮೆ, 2023ರ ವಿಸ್ತೃತ ಆವೃತ್ತಿ ಮತ್ತೊಮ್ಮೆ. ಆಗ ಕಂಡದ್ದೇನು? 1954ರಲ್ಲಿ ಲೇಖಕಿ ನೇಯೋಮಿ ಮಿಚಿಸನ್ ಅವರಿಗೆಂದು ಬರೆದ ಕರಡಿನ ಆ ಭಾಗ ಅವರಿಗೆ ತಲುಪಲೇ ಇಲ್ಲ. ಲೇಖಕರು ಅದನ್ನು ಕಳುಹಿಸದೆ ಬಿಟ್ಟರು. ಅಷ್ಟೇ ಅಲ್ಲ, ಆ ಸಾಲುಗಳ ಪಕ್ಕದಲ್ಲಿ ಅವರೇ ಒಂದು ಪ್ರಶ್ನೆ ಬರೆದುಕೊಂಡಿದ್ದಾರೆ: ನೂಮೆನೋರಿನವರು (ಹಿಂದಿನ ಯುಗದ ಮನುಷ್ಯರು) ಕತ್ತಿ ಮಾಡುವಾಗ ಮಂತ್ರ ಬಳಸುತ್ತಿದ್ದರಲ್ಲವೇ? ಕಾದಂಬರಿಯಲ್ಲಿ ಮೆರ್ರಿಯ ಕೈಯಲ್ಲಿದ್ದ ಕತ್ತಿ ಅಂಥ ಮನುಷ್ಯರು ಮಾಡಿದ್ದು, ಸೌರಾನನ ಸೇವಕರಾದ ನಾಜ್ಗೂಲ್‌ಗಳ ಒಡೆಯನ ಮೈಯ ಕಟ್ಟನ್ನು ಬಿಡಿಸಿದ್ದು. ಹಾಗಾದರೆ ಹುಟ್ಟಿನ ಮಾತು ಎಲ್ಲಿ ನಿಂತಿತು? ಹುಡುಗ ಪತ್ರ ಓದಿದ, ಪಕ್ಕದ ಟಿಪ್ಪಣಿ ಓದಲಿಲ್ಲ. ನನಗೆ ಅಂದು ಅದು ಗೊತ್ತಿದ್ದರೆ ಸಭೆಯಲ್ಲಿಯೇ ಉತ್ತರ ಕೊಡುತ್ತಿದ್ದೆ ಎಂಬ ಸಂಕಟ ಇಂದಿಗೂ ಹೋಗಿಲ್ಲ. ಆದ್ದರಿಂದ ಒಂದೇ ಪುಸ್ತಕವಾದರೆ ಪತ್ರಗಳನ್ನೇ ಕೊಳ್ಳಿ. ಬೊಂಬಡಿಲ್ ಉದ್ದೇಶಪೂರ್ವಕವಾಗಿ ಬಿಟ್ಟ ಒಗಟು ಎಂಬ ಮಾತೂ ಅದೇ ವರ್ಷ ಅದೇ ಮಹಿಳೆಗೆ ಬರೆದ 144ನೆಯ ಪತ್ರದಲ್ಲಿದೆ.

ಪುತ್ತೂರು ಕಡೆಯವನು, ಈಗ ಮಂಗಳೂರು:
ಎಲ್ಲರೂ ಸಂಪುಟಗಳ ಮಾತಾಡುತ್ತಿದ್ದೀರಿ, ಪ್ರಶ್ನೆಯಲ್ಲಿರುವ ದೈವದ ಹೋಲಿಕೆಯನ್ನು ಯಾರೂ ಮುಟ್ಟಲಿಲ್ಲ. ನಮ್ಮ ಮನೆತನದಲ್ಲಿ ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲ ಸೇವೆ ನಡೆಯುತ್ತದೆ; ಮಾತನಾಡುವ ಹಕ್ಕು ನನಗಿದೆಯೆಂದು ಭಾವಿಸುತ್ತೇನೆ. ಕಾಲೇಜಿನಲ್ಲಿದ್ದಾಗ ನಾನೂ ಇದೇ ಹೋಲಿಕೆಯನ್ನು ಬರೆದಿದ್ದೆ. ಹಸ್ತಪತ್ರಿಕೆ ಹೇಗೋ ಮನೆಗೆ ತಲುಪಿ, ನಮ್ಮ ದೊಡ್ಡ ಮಾವ ಅದನ್ನು ಪೂರ್ತಿ ಓದಿಸಿಕೊಂಡು ಕೇಳಿ, ಒಂದೇ ಪ್ರಶ್ನೆ ಕೇಳಿದರು: ಅವನು ನುಡಿ ಕೊಡುತ್ತಾನೆಯೇ? (ನುಡಿ ಎಂದರೆ ನೇಮದಲ್ಲಿ ದೈವ ಭಕ್ತರಿಗೆ ಕೊಡುವ ಮಾತು.) ಉತ್ತರ ನನ್ನಲ್ಲಿರಲಿಲ್ಲ. ಚಾವಡಿಯಲ್ಲಿ ಹಿರಿಯರೆದುರು ತಪ್ಪಾಯಿತೆಂದು ಹೇಳಬೇಕಾಯಿತು, ಎರಡು ವರ್ಷ ದೈವದ ನೇಮದ ದಿನ ತಲೆ ಎತ್ತಿ ನಿಲ್ಲಲಾಗಲಿಲ್ಲ.

ಮಾವನ ಪ್ರಶ್ನೆ ಸರಿಯಾದ ಪ್ರಶ್ನೆ. ದೈವ ನುಡಿ ಕೊಡುತ್ತದೆ, ನ್ಯಾಯ ಹೇಳುತ್ತದೆ, ತಪ್ಪಿದವನನ್ನು ಕೇಳುತ್ತದೆ, ನಂಬಿದವನನ್ನು ಬಿಡುವುದಿಲ್ಲ. ಬೊಂಬಡಿಲ್‌ಗೆ ಉಂಗುರವನ್ನು ಒಪ್ಪಿಸಿದರೆ ಅವನು ಅದನ್ನು ಮರೆತು ಎಲ್ಲೋ ಎಸೆದುಬಿಟ್ಟಾನು ಎಂದು ಉಂಗುರವನ್ನು ಏನು ಮಾಡುವುದೆಂದು ಸೇರಿದ ಎಲ್ರಾಂಡನ ಸಭೆಯಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್ ಹೇಳುತ್ತಾನೆ. ತನಗೊಪ್ಪಿಸಿದ ಭಂಡಾರವನ್ನು ಮರೆಯುವ ದೈವವನ್ನು ನೀವು ಕಂಡಿದ್ದೀರಾ? ಈ ನೆಲವೆಲ್ಲ ಅವನದೇ ಎಂದು ಫ್ರೋಡೊ ಕೇಳಿದಾಗ ಬೊಂಬಡಿಲ್‌ನ ಹೆಂಡತಿ ಗೋಲ್ಡ್‌ಬೆರಿ ಅಲ್ಲವೆನ್ನುತ್ತಾಳೆ, ಹಾಗಾದರೆ ಅದು ಹೊರೆಯಾದೀತು ಎನ್ನುತ್ತಾಳೆ. ಅಲ್ಲಿನ ಮರ, ಹುಲ್ಲು, ಜೀವಿಗಳೆಲ್ಲ ತಮಗೆ ತಾವೇ ಸೇರಿದವು. ದೈವ ಆ ಹೊರೆಯನ್ನು ಹೊತ್ತದ್ದರಿಂದಲೇ ದೈವ. ದೈವಗಳ ಕಥೆ ಹಾಡುವ ಪಾಡ್ದನಗಳನ್ನು ಕೇಳಿ ಬೆಳೆದವರು ಈ ಎರಡನ್ನು ಒಂದೇ ತಕ್ಕಡಿಯಲ್ಲಿ ಇಡಬಾರದು.

ಮಣಿಪಾಲದ ಓದುಗಿ:
ನೋಯಿಸುವ ಉದ್ದೇಶ ನನ್ನದಾಗಿರಲಿಲ್ಲ. ನನ್ನ ಅಜ್ಜಿಯ ಮನೆಯಲ್ಲಿಯೂ ದೈವವನ್ನು ನಂಬುತ್ತಾರೆ. ನಾನು ಹೋಲಿಸಿದ್ದು ಸೀಮೆಯನ್ನು ಮಾತ್ರ, ದೈವದ ಮಹಿಮೆಯಾದ ಕಾರಣಿಕವನ್ನಲ್ಲ. ಅದೇ ಸಭೆಯಲ್ಲಿ ಗಾಲ್ಡೋರ್ ಎಂಬ ಎಲ್ಫ್ ದೂತ ಹೇಳುವ ಮಾತನ್ನು ಗಮನಿಸಿ: ವೈರಿ ಸೌರಾನನನ್ನು ಎದುರಿಸುವ ಬಲ ಬೊಂಬಡಿಲ್‌ನಲ್ಲಿಲ್ಲ, ಅಂಥ ಬಲ ಭೂಮಿಯಲ್ಲಿಯೇ ಇದ್ದರೆ ಮಾತ್ರ ಇದ್ದೀತು. ನನ್ನ ವಾದದ ಬೇರು ಆ ಒಂದು ಸಾಲು. ಇದನ್ನು ಯಾರಾದರೂ ಪರಿಶೀಲಿಸಬಹುದೇ?

ಕಾರ್ಕಳದ ಅಕ್ಕ:
ವಾದ ಮಂಡಿಸುವ ಮುನ್ನ ಎಷ್ಟು ಓದಿರಬೇಕೆಂಬುದಕ್ಕಿಂತ, ಯಾರೆದುರು ಮಂಡಿಸಬೇಕೆಂಬುದನ್ನು ಯೋಚಿಸಿ. ಬಾಲ್ರಾಗ್‌ಗೆ ರೆಕ್ಕೆ ಇದೆಯೇ ಎಂಬ ಒಂದೇ ವಿಷಯಕ್ಕೆ ನನ್ನ ತಮ್ಮ ನನ್ನೊಂದಿಗೆ ಹದಿನಾಲ್ಕು ತಿಂಗಳು ಮಾತು ಬಿಟ್ಟಿದ್ದ. ಸೇತುವೆಯ ಬಳಿ ಅದರ ಸುತ್ತಲಿನ ನೆರಳು ಎರಡು ದೊಡ್ಡ ರೆಕ್ಕೆಗಳ ಹಾಗೆ ಚಾಚಿತು ಎಂದು ಮೊದಲು ಉಪಮೆ ಬರುತ್ತದೆ. ಸ್ವಲ್ಪ ಮುಂದೆ ಅದರ ರೆಕ್ಕೆಗಳು ಗೋಡೆಯಿಂದ ಗೋಡೆಗೆ ಹರಡಿದವು ಎಂದು ನೇರವಾಗಿಯೇ ಬರುತ್ತದೆ. ಎರಡನೆಯದು ಮೊದಲಿನ ಉಪಮೆಯ ಮುಂದುವರಿಕೆ ಎಂದು ನಾನು, ಅಲ್ಲವೆಂದು ಅವನು. ಗೃಹಪ್ರವೇಶಕ್ಕೆ ಕರೆದರೂ ಬರಲಿಲ್ಲ. ಆ ಜೀವಿ ಕಮರಿಗೆ ಬಿದ್ದದ್ದೇ ನನ್ನ ಪಕ್ಷಕ್ಕೆ ಸಾಕ್ಷಿ. ರೆಕ್ಕೆ ಇದ್ದರೆ ಹಾರುತ್ತಿತ್ತು.

ಕುಂದಾಪುರದವ:
ರೆಕ್ಕೆ ಇದ್ದವರೆಲ್ಲ ಹಾರುತ್ತಾರೆಂದು ಯಾರು ಹೇಳಿದರು? ಕೋಳಿಗೆ ರೆಕ್ಕೆ ಇಲ್ಲವೇ? ನಿಮ್ಮ ತಮ್ಮ ಹೇಳಿದ್ದೇ ಸರಿ. ಅಚ್ಚಾದ ವಾಕ್ಯ ಅಚ್ಚಾದ ವಾಕ್ಯವೇ.

ರಥಬೀದಿ, ಉಡುಪಿ:
ಉಪಮೆ ಎಲ್ಲಿ ಮುಗಿಯುತ್ತದೆಂದು ಅರಿಯದವರು ಪದ್ಯದ ಅರ್ಥ ಹೇಳಬಾರದು. ಅಕ್ಕ ಹೇಳಿದ್ದು ಸರಿ.

ಕುಂದಾಪುರದವ:
ಅರ್ಥ ಹೇಳುವ ಗುತ್ತಿಗೆಯನ್ನು ನಿಮಗೆ ಕೊಟ್ಟವರು ಯಾರು? ಒಂದು ಪತ್ರಕ್ಕೆ ಉತ್ತರ ಕೊಡಲಾಗದೆ ಎರಡು ತಿಂಗಳು ಮೂಲೆ ಸೇರಿದವರು ಉಳಿದವರಿಗೆ ಪಾಠ ಹೇಳಬೇಕಾಗಿಲ್ಲ.

ಸುರತ್ಕಲ್ ವಾಸಿ:
ಮಣಿಪಾಲದವರೇ, ನೀವು ಕೇಳಿದ್ದಕ್ಕೆ ಉತ್ತರ. ಗಾಲ್ಡೋರನ ಸಾಲನ್ನು ಅಲ್ಲಿಗೇ ನಿಲ್ಲಿಸಬೇಡಿ. ಬೆಟ್ಟಗಳನ್ನೇ ಸೌರಾನ್ ಹಿಂಸಿಸಿ ನಾಶಮಾಡಬಲ್ಲನೆಂದು ಅವನೇ ಕೂಡಲೇ ಮುಂದುವರಿಸುತ್ತಾನೆ. ನೆಲವೇ ಸೋಲುವುದಾದರೆ ನೆಲದ ಬಲ ಯಾವುದಕ್ಕೆ ಬಂತು ಎಂದು ಕೂಟದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಜೊತೆಗೆ, ಆ ಗಡಿಗಳನ್ನು ಬೊಂಬಡಿಲ್ ತಾನೇ ಹಾಕಿಕೊಂಡದ್ದು ಎಂದು ಗ್ಯಾಂಡಾಲ್ಫ್ ಹೇಳುತ್ತಾನೆ, ನೆಲ ಹಾಕಿದ್ದಲ್ಲ. ನಿಮಗೆ ಬೇಕಾದದ್ದು ಆರನೆಯ ಸಂಪುಟ, 1988ರದು. ಫ್ರೋಡೊಗೆ ಬಿಂಗೊ ಎಂಬ ಹೆಸರಿದ್ದ ಕಾಲದ ಕರಡು ಅಲ್ಲಿದೆ, ಮತ್ತು ಅದರಲ್ಲಿ ಬೊಂಬಡಿಲ್ ರೈತ ಮ್ಯಾಗಟ್‌ನನ್ನು ತನ್ನ ದೂರದ ನೆಂಟನೆನ್ನುತ್ತಾನೆ. ನೆಂಟನಿರುವವನು ಒಂದು ನೆಲದ ಒಂಟಿ ಚೈತನ್ಯ ಹೇಗಾದಾನು? ಕೊಳ್ಳಬೇಡಿ, ನಾನು ಕೊಡುತ್ತೇನೆ. ಮನೆಗೇ ಬಂದು ಒಯ್ಯಬೇಕು, ಮಳೆ ಬರುವ ದಿನ ಹೊರಗೆ ತೆಗೆಯಬಾರದು.

ಕುಂದಾಪುರದವ:
ಆ ನೆಂಟಸ್ತಿಕೆಯನ್ನು ಲೇಖಕರೇ ಹೊಡೆದುಹಾಕಿದರು, ಅಚ್ಚಿಗೆ ಬರಲಿಲ್ಲ. ಹೊಡೆದುಹಾಕಿದ ಸಾಲಿನಿಂದ ಈಕೆಯ ಮೂವತ್ತು ಪುಟಗಳನ್ನು ಕೆಡಿಸಬೇಡಿ. ಇದ್ದಂತೆಯೇ ಓದಿ, ತಾಯಿ.

ಪುತ್ತೂರು ಕಡೆಯವನು, ಈಗ ಮಂಗಳೂರು:
ಇದ್ದಂತೆಯೇ ಓದುವುದಾದರೆ ದಿನ ಮತ್ತು ಜಾಗ ತಿಳಿಸಿ. ಬಸ್ಸು ಹಿಡಿದು ಬರುತ್ತೇನೆ. ಸೀಮೆಯ ಮಾತು ಬಂದ ಕೂಡಲೇ ಎದ್ದು ನಿಂತು, ನಮ್ಮ ಮಾವ ನನ್ನನ್ನು ಕೇಳಿದ ಪ್ರಶ್ನೆಯನ್ನು ನಿಮ್ಮನ್ನೂ ಕೇಳುತ್ತೇನೆ.