ವಿ-ಕ್ರಾಸ್‌ಗೆ 285/70 ಆರ್17: ಎರಡಿಂಚು ಲಿಫ್ಟ್ ಹಾಕಿದರೆ ಉಜ್ಜೋದು ನಿಲ್ಲುತ್ತಾ?

ಕೆಮ್ಮಣ್ಣು_ದಾರಿ:
ಗಾಡಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್, 1.9 ಆಟೋಮ್ಯಾಟಿಕ್, 4x4. ಈಗಿರೋದು ಕಂಪನಿ ಟೈರು, 255/60 ಆರ್18 (ಅಗಲ ಮಿ.ಮೀ.ನಲ್ಲಿ / ಅಗಲದ ಶೇಕಡಾ ಲೆಕ್ಕದಲ್ಲಿ ಟೈರಿನ ಗೋಡೆ ಎತ್ತರ, ಆಮೇಲೆ ರಿಮ್ಮಿನ ಇಂಚು). ಹಿಂದೆ ಕ್ಯಾನೊಪಿ, ಮೇಲೆ ಟೆಂಟು, ಒಳಗೆ ಫ್ರಿಜ್ಜು, 60 ಲೀಟರ್ ನೀರು. ಸ್ಪಿತಿ, ಝನ್ಸ್ಕಾರ್ ಕಡೆ ಒಂದು ತಿಂಗಳು ಸುತ್ತೋ ಪ್ಲಾನ್ ಇದೆ. ಉಳಿದ ದಿನ ಬೆಂಗಳೂರಲ್ಲೇ ಓಡಾಟ. 17 ಇಂಚಿನ ರಿಮ್ಮಿಗೆ 285/70 ಹಾಕಿಸೋ ಯೋಚನೆ. ಎರಡಿಂಚು ಲಿಫ್ಟ್ (ಸಸ್ಪೆನ್ಷನ್ ಎತ್ತರಿಸೋದು) ಹಾಕಿದ್ರೆ ಟೈರು ಎಲ್ಲೂ ಉಜ್ಜಲ್ಲ ಅಂತ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಹೇಳ್ತಾರೆ. ನಿಜಾನಾ? ಬಾಡಿ ಕಟಿಂಗ್ ಆದಷ್ಟು ಬೇಡ.

ಬಂಪ್_ಸ್ಟಾಪ್:
ಅರ್ಧ ನಿಜ. ಲಿಫ್ಟ್ ಹಾಕಿದರೆ ಗಾಡಿ ನಿಂತಿರುವಾಗ ಜಾಗ ಕಾಣುತ್ತೆ, ಅಷ್ಟೇ. ಸಸ್ಪೆನ್ಷನ್ ಪೂರ್ತಿ ಕೂತಾಗ ಚಕ್ರ ಹಿಡಿದಿರೋ ಕೆಳಗಿನ ಆರ್ಮ್ ಹೋಗಿ ಬಂಪ್ ಸ್ಟಾಪಿಗೆ (ಇನ್ನೂ ಮೇಲೆ ಹೋಗದಂತೆ ತಡೆಯೋ ರಬ್ಬರ್ ಗುಬ್ಬಿ) ಹೊಡೆಯುತ್ತೆ. ಆ ಬಂಪ್ ಸ್ಟಾಪ್ ಮೊದಲಿದ್ದ ಜಾಗದಲ್ಲೇ ಇರುತ್ತಲ್ಲ? ಹಾಗಾಗಿ ಚಕ್ರ ಮೇಲಕ್ಕೆ ಎಲ್ಲಿವರೆಗೆ ಹೋಗುತ್ತಿತ್ತೋ ಈಗಲೂ ಅಲ್ಲಿವರೆಗೇ ಹೋಗುತ್ತೆ, ಲಿಫ್ಟ್ ಇದ್ದರೂ ಇಲ್ಲದಿದ್ದರೂ. ಸರ್ವಿಸ್ ರಸ್ತೆಯಲ್ಲಿ ಯು-ಟರ್ನಿಗೆ ಸ್ಟೀರಿಂಗ್ ಫುಲ್ ಕಟ್ ಹೊಡೆದು, ಅದೇ ಹೊತ್ತಿಗೆ ಮುಂದಿನ ಚಕ್ರ ಹಂಪ್ ಹತ್ತಿದಾಗ ಕರ್ರ್ ಅಂತ ಸದ್ದು ಬರೋದು ಅದಕ್ಕೇ.

ಲೆಕ್ಕ ನೋಡಿ. ಕಂಪನಿ ಟೈರಿನ ವ್ಯಾಸ 763 ಮಿ.ಮೀ., 285/70 ಆರ್17 ಅಂದರೆ 831. ವ್ಯತ್ಯಾಸ 68, ಗ್ರೌಂಡ್ ಕ್ಲಿಯರೆನ್ಸಿಗೆ ಸಿಗೋದು ಅದರ ಅರ್ಧ, 34. ಚಕ್ರದ ಹಿಂದೆ ಮುಂದೆಯೂ ತಲಾ 34 ಮಿ.ಮೀ. ಬೆಳೆಯುತ್ತೆ, ಜೊತೆಗೆ ಅಗಲವೂ 30 ಮಿ.ಮೀ. ಜಾಸ್ತಿ. ಫುಲ್ ಕಟ್ಟಿನಲ್ಲಿ ಟೈರಿನ ಹಿಂದಿನ ಭುಜ ಮೊದಲು ಮಡ್‌ಫ್ಲ್ಯಾಪ್, ಆಮೇಲೆ ಲೈನರ್ (ಚಕ್ರದ ಗೂಡಿನ ಒಳಗಿನ ಪ್ಲಾಸ್ಟಿಕ್), ಕೊನೆಗೆ ಅದರ ಹಿಂದಿರೋ ತಗಡಿನ ಅಂಚು ಮುಟ್ಟುತ್ತೆ. ಮುಂದುಗಡೆ ಬಂಪರಿನ ಕೆಳಮೂಲೆ.

ಇನ್ನೊಂದು, ಚೆಂದಕ್ಕೆ ಅಂತ ಚಕ್ರ ಹೊರಕ್ಕೆ ತರೋ ಕಡಿಮೆ ಆಫ್‌ಸೆಟ್ ರಿಮ್ ತಗೋಬೇಡಿ. +30ರ ಜಾಗಕ್ಕೆ +10 ಹಾಕಿದರೆ ಚಕ್ರ 20 ಮಿ.ಮೀ. ಹೊರಗೆ ಬಂದು, ಕಟ್ ಹೊಡೆದಾಗ ಇನ್ನೂ ದೊಡ್ಡ ವೃತ್ತದಲ್ಲಿ ತಿರುಗುತ್ತೆ. ಉಜ್ಜೋದು ಜಾಸ್ತಿಯೇ ಆಗುತ್ತೆ, ಸ್ಟೀರಿಂಗ್ ಕೈಗೆ ಒದೆಯೋಕೂ ಶುರು. ಟೊಯೊಟಾ ಹೈಲಕ್ಸ್ ರಿಮ್ಮಿನ ಪಿಸಿಡಿ (ನಟ್ ತೂತುಗಳ ಸಂಖ್ಯೆ, ಅವುಗಳ ವೃತ್ತದ ವ್ಯಾಸ) ಕೂಡ 6x139.7 ನಿಜ, ಆದರೆ ನಡುವಿನ ತೂತು ದೊಡ್ಡದು. ಆ ಸಂದು ತುಂಬೋ ಹಬ್ ಸೆಂಟ್ರಿಕ್ ರಿಂಗ್ ಇಲ್ಲದೆ ಹಾಕಿದರೆ ನಡುಕ ಬರಬಹುದು. 17ರ ರಿಮ್ ಯಾವುದೇ ಇರಲಿ, ಟೈರ್ ಕೂರಿಸೋ ಮುಂಚೆ ಖಾಲಿ ರಿಮ್ ಹಾಕಿ, ನಟ್ ಬಿಗಿದು, ಕೈಯಲ್ಲಿ ತಿರುಗಿಸಿ ಬ್ರೇಕ್ ಕ್ಯಾಲಿಪರ್ ತಾಗುತ್ತಾ ನೋಡಿ.

ಪಾನಾ_ನಂ_17:
ಮೇಲಿನವರು ಹೇಳಿದ್ದನ್ನು ಗ್ಯಾರೇಜಲ್ಲೇ ಪರೀಕ್ಷೆ ಮಾಡಬಹುದು, ಒಂದು ಬದಿಗೆ ಒಂದು ಗಂಟೆ ಕೆಲಸ. ಚಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಕೆಳಗಿನ ಆರ್ಮಿಗೆ ಜಾಕಿ ಆಸರೆ ಕೊಟ್ಟು ಸ್ಟ್ರಟ್ಟನ್ನು (ಮುಂದಿನ ಶಾಕ್) ಸ್ಪ್ರಿಂಗ್ ಸಮೇತ ಇಡಿಯಾಗಿ ಇಳಿಸಿ, ಸ್ಪ್ರಿಂಗ್ ಕಳಚೋದು ಬೇಡ. ಬ್ರೇಕ್ ಹೋಸು, ಎಬಿಎಸ್ ವೈರು ಎಳೆದುಕೊಳ್ಳದ ಹಾಗೆ ನೋಡ್ಕೊಳ್ಳಿ. ಹೊಸ ಚಕ್ರ ಹಾಕಿ, ಲೈನರ್ ಮೇಲೆ ಚಾಕ್‌ಪೀಸ್ ದಪ್ಪಗೆ ಬಳಿದು, ಬಂಪ್ ಸ್ಟಾಪ್ ಮುಟ್ಟೋವರೆಗೂ ಆರ್ಮ್ ಎತ್ತಿ. ಈಗ ಈ ಕಟ್ಟಿನಿಂದ ಆ ಕಟ್ಟಿಗೆ ಸ್ಟೀರಿಂಗ್ ತಿರುಗಿಸಿ. ಚಾಕ್ ಅಳಿಸಿದ ಕಡೆಯೇ ಕೆಲಸ ಇರೋದು, ಬೇರೆಲ್ಲೂ ಕತ್ತರಿ ಆಡಿಸಬೇಡಿ.

ಪ್ಲಾಸ್ಟಿಕ್ ಲೈನರ್ ಆದರೆ ಹೀಟ್ ಗನ್ನಿನಲ್ಲಿ ಮೆತ್ತಗೆ ಮಾಡಿ ಒಳಕ್ಕೆ ಒತ್ತಿದರೆ ಸಾಕು. ತಗಡಿನ ಅಂಚಾದರೆ ಸುತ್ತಿಗೆಯಲ್ಲಿ ಹಿಂದಕ್ಕೆ ಮಡಚಬೇಕು. ಮಡಚಿದ ಮೇಲೆ ಬಣ್ಣ ಬಿರುಕು ಬಿಟ್ಟಿರುತ್ತೆ. ಕೆರೆದು ಪ್ರೈಮರ್, ಅದರ ಮೇಲೆ ಸೀಮ್ ಸೀಲರ್, ಆಮೇಲೆ ಅಂಡರ್‌ಕೋಟ್. ಟಿಂಕರಿಂಗ್‌ನವರು ಹತ್ತರಲ್ಲಿ ಎಂಟು ಜನ ಸೀಲರ್ ಬಿಟ್ಟು ಬರೀ ಕಪ್ಪು ಸ್ಪ್ರೇ ಹೊಡೀತಾರೆ, ಒಂದೇ ಮಳೆಗಾಲಕ್ಕೆ ಅಲ್ಲಿ ತುಕ್ಕು. ನಿಂತು ಮಾಡಿಸಿ.

ಲಿಫ್ಟಿನ ವಿಷಯ. ಸ್ಟ್ರಟ್ ತಲೆ ಮೇಲೆ ಕೂರೋ ಸ್ಪೇಸರ್ ಅಗ್ಗ, ಆದರೆ ಶಾಕ್ ಪೂರ್ತಿ ಹಿಗ್ಗಿದಾಗ ಚಕ್ರ ಮೊದಲಿಗಿಂತ ಕೆಳಗೆ ಜೋತುಬೀಳುತ್ತೆ. ಆಗ ಚಕ್ರ ತಿರುಗಿಸೋ ಆಕ್ಸಲಿನ ಸಿವಿ ಜಾಯಿಂಟಿನ ಕೋನ ಕಡಿದಾಗಿ ಅದರ ರಬ್ಬರ್ ಬೂಟ್ ಹರಿಯುತ್ತೆ. ಚಕ್ರ ಕೂತಾಗಲೂ ಬಂಪ್ ಸ್ಟಾಪಿಗಿಂತ ಮೊದಲು ಶಾಕ್ ಒಳಗೇ ತಳ ಹೊಡೆಯೋ ಅಪಾಯ ಇದೆ. ಉದ್ದ ಹೆಚ್ಚಿರೋ ಗಟ್ಟಿ ಸ್ಪ್ರಿಂಗಿನಿಂದ 40 ಮಿ.ಮೀ. ಎತ್ತಿಸಿ, ಸಾಕು. 50 ದಾಟಿದರೆ ಮೇಲಿನ ಕಂಟ್ರೋಲ್ ಆರ್ಮ್ ಬದಲಾಯಿಸದೆ ಸರಿಯಾದ ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲೋ ಕೋನ) ಸಿಗಲ್ಲ, ಹೈವೇಯಲ್ಲಿ ಗಾಡಿ ತೇಲಾಡುತ್ತೆ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟು, ಹೆಡ್‌ಲೈಟ್ ಇಳಿಸೋದು. 100 ಕಿ.ಮೀ. ಆದ ಮೇಲೆ ಚಕ್ರದ ನಟ್ ಮತ್ತೆ ಟಾರ್ಕ್ ರೆಂಚಿನಲ್ಲೇ ಬಿಗಿಸಿ.

ಲೀಫ್_ಪಟ್ಟಿ:
ನಾನಾಗಿದ್ರೆ 285 ಬೇಡ ಅಂತೀನಿ. ನಿಮ್ಮ ಲೋಡಿಗೆ, ನಿಮ್ಮ ದಾರಿಗೆ 265/65 ಆರ್18 ಸರಿ. ವ್ಯಾಸ 802, ಕ್ಲಿಯರೆನ್ಸ್ 19 ಮಿ.ಮೀ. ಜಾಸ್ತಿ. ಈಗಿನ ರಿಮ್ಮೇ ನಡೆಯುತ್ತೆ, ಅಗಲ 7.5 ಅಂತ ಬರೆದಿದೆಯಾ ಒಮ್ಮೆ ನೋಡ್ಕೊಳ್ಳಿ. ಸಾಮಾನ್ಯವಾಗಿ ಮಡ್‌ಫ್ಲ್ಯಾಪ್, ಲೈನರಿನಲ್ಲೇ ಕೆಲಸ ಮುಗಿಯುತ್ತೆ. ಆದರೂ ಚಾಕ್ ಪರೀಕ್ಷೆ ಬಿಡಬೇಡಿ.

285 ಹಾಕಿದರೆ ಗೇರಿಂಗ್ ಸುಮಾರು 9% ಉದ್ದ ಆಗುತ್ತೆ. 360 ಎನ್‌ಎಂ ಎಂಜಿನ್ನು ರಸ್ತೆಗೆ 330 ಇದ್ದಂತೆ ಎಳೆಯುತ್ತೆ. ಗಾಳಿ ತೆಳುವಾಗಿರೋ ಎತ್ತರದಲ್ಲಿ, ತುಂಬಿದ ಗಾಡಿಯಲ್ಲಿ, ಕಡಿದಾದ ತಿರುವಿನಲ್ಲಿ ನಿಂತು ಹೊರಡುವಾಗ ಇದು ಗೊತ್ತಾಗುತ್ತೆ. ಬ್ರೇಕಿಗೂ ಅದೇ ಹೊರೆ. ಸ್ಪೀಡೋ 100 ತೋರಿಸುವಾಗ ಓಟ ಮೊದಲಿಗಿಂತ 9 ಜಾಸ್ತಿ, 265ರಲ್ಲಿ 5. ಓಡೋಮೀಟರೂ ಅಷ್ಟೇ ಕಡಿಮೆ ಎಣಿಸುತ್ತೆ. ಮೈಲೇಜ್ ಬಿತ್ತು ಅಂತ ಅಳೋ ಮುಂಚೆ ಆ ಲೆಕ್ಕ ಸರಿ ಮಾಡ್ಕೊಳ್ಳಿ. (ಅಳಬೇಕಾಗುತ್ತೆ, ಸ್ವಲ್ಪ ಕಡಿಮೆ.)

ಸ್ಪ್ರಿಂಗ್ ಆರ್ಡರ್ ಮಾಡೋಕೆ ಮುಂಚೆ ಟೆಂಟು, ನೀರು, ಫುಲ್ ಡೀಸೆಲ್, ಜನ ಎಲ್ಲ ಹಾಕಿ ಪೀಣ್ಯ ಕಡೆ ಯಾವುದಾದರೂ ವೇಬ್ರಿಡ್ಜಿಗೆ ಹೋಗಿ. ಮೊದಲು ಮುಂದಿನ ಆಕ್ಸಲ್, ಆಮೇಲೆ ಪೂರ್ತಿ ಗಾಡಿ. ಆ ಎರಡು ಅಂಕಿ ಇಲ್ಲದೆ ಹಿಂದಿನ ಲೀಫ್ ಸ್ಪ್ರಿಂಗ್ ಪಟ್ಟಿ ಆರಿಸೋದು ಕಣ್ಣು ಮುಚ್ಚಿ ಬಟ್ಟೆ ಹೊಲಿಸಿದ ಹಾಗೆ. ಟೈರಿನ ಲೋಡ್ ಇಂಡೆಕ್ಸ್ (ಎಷ್ಟು ಭಾರ ಹೊರುತ್ತೆ ಅನ್ನೋ ಅಂಕಿ) ಹಳೆಯದಕ್ಕಿಂತ ಕಡಿಮೆ ಇರಬಾರದು. ಎಲ್‌ಟಿ (ಲೈಟ್ ಟ್ರಕ್) ಟೈರಿಗೆ ಅದೇ ಭಾರ ಹೊರೋಕೆ ಗಾಳಿ ಜಾಸ್ತಿ ಬೇಕು, ಬಾಗಿಲಿನ ಸ್ಟಿಕ್ಕರ್ ಅಂಕಿ ಅದಕ್ಕೆ ಹೊಂದಲ್ಲ.

ಕೆಮ್ಮಣ್ಣು_ದಾರಿ:
265/65 ಅಂತಲೇ ಇಟ್ಕೊಳ್ಳೋಣ. ಆರ್‌ಟಿಓ, ಇನ್ಶೂರೆನ್ಸ್? ಸ್ಟೆಪ್ನಿ ಹಳೇದೇ ಇಟ್ರೆ ನಡೆಯುತ್ತಾ?

ಬಂಪ್_ಸ್ಟಾಪ್:
ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗಿ ಬದಲಾಯಿಸೋ ಹಾಗಿಲ್ಲ. 182ಎ(4)ರಲ್ಲಿ ಒಂದೊಂದು ಬದಲಾವಣೆಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಲಿಫ್ಟೂ ಟೈರೂ ಎರಡೂ ಇದರೊಳಗೆ ಬರಬಹುದು. ಇನ್ಶೂರೆನ್ಸಿನವರಿಗೆ ಮೊದಲೇ ಬರೆದು ತಿಳಿಸಿ, ಉತ್ತರವನ್ನೂ ಬರಹದಲ್ಲೇ ತಗೊಳ್ಳಿ. ಕ್ಲೇಮ್ ದಿನ ಬಾಯಿಮಾತು ನಡೆಯಲ್ಲ.

ಪಾನಾ_ನಂ_17:
ಹಳೇ ಸ್ಟೆಪ್ನಿ ಬೇಡ. 39 ಮಿ.ಮೀ. ವ್ಯಾಸದ ವ್ಯತ್ಯಾಸ ಇಟ್ಕೊಂಡು 4 ಹೈನಲ್ಲಿ (ನಾಲ್ಕೂ ಚಕ್ರಕ್ಕೆ ಎಳೆತ ಕೊಡೋ ಮೋಡ್) ಓಡಿಸಿದರೆ ಮುಂದಿನ ಹಿಂದಿನ ಆಕ್ಸಲ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗಬೇಕು. ಈ ಗಾಡಿಯಲ್ಲಿ ಅದಕ್ಕೆ ಅವಕಾಶ ಕೊಡೋ ಸೆಂಟರ್ ಡಿಫರೆನ್ಷಿಯಲ್ ಇಲ್ಲ, ಹಿಡಿತ ಇರೋ ನೆಲದಲ್ಲಿ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಳ್ಳುತ್ತೆ. ಐದೂ ಟೈರ್ ಒಂದೇ ಅಳತೆಯದು ತಗೊಳ್ಳಿ. ತಗೊಂಡ ಮೇಲೆ ಅಂಗಡಿ ಬಿಡೋ ಮುಂಚೆಯೇ ಸ್ಟೆಪ್ನಿಯನ್ನು ಟ್ರೇ ಕೆಳಗೆ ವಿಂಚಿನಲ್ಲಿ ಪೂರ್ತಿ ಎತ್ತಿ ನೋಡಿ. ಕೈಯಲ್ಲಿ ಅಲ್ಲಾಡಿಸಿದಾಗ ಅಲ್ಲಾಡಿದರೆ ಅದು ಕೂತಿಲ್ಲ, ಎಲ್ಲೋ ತಾಗಿ ನಿಂತಿದೆ ಅಂತ ಅರ್ಥ. ಜಲ್ಲಿ ದಾರಿಯಲ್ಲಿ ಆ ಅಲುಗಾಟಕ್ಕೇ ವಿಂಚಿನ ಕೇಬಲ್ ಹರಿಯೋದು.